ರೋಣದ ಹುಡುಗ, ಮೂರು ನಿಮಿಷದ ಪ್ಲೇಟು

ರೋಣ, ನರಗುಂದ, ಗಜೇಂದ್ರಗಡದ ಮದುವೆ ಹಂದರಗಳಿಗೆ ಮೈಕ್‌ಸೆಟ್ ಕೊಡುತ್ತ ಬಂದವನು ನಾನು. ಬೆಳಗಿನ ಹೊತ್ತು ಮೊದಲು ಹಚ್ಚುತ್ತಿದ್ದದ್ದು ಭೀಮಸೇನ ಜೋಶಿಯವರ ದಾಸವಾಣಿ. ಅವರು 1922ರಲ್ಲಿ ನಮ್ಮ ರೋಣದಲ್ಲೇ ಹುಟ್ಟಿದವರು. ಅವರನ್ನು ಹಾಡಿನ ಹುಚ್ಚಿಗೆ ಹಚ್ಚಿದ್ದು ಒಂದು ಗ್ರಾಮಾಫೋನ್ ಪ್ಲೇಟು ಎಂಬುದನ್ನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ತಂದೆ ಗುರುರಾಜ ಜೋಶಿ ಶಾಲಾ ಮಾಸ್ತರರು. ಭಜನೆಯ ಮೆರವಣಿಗೆ ಬಂತೆಂದರೆ ಹುಡುಗ ಅದರ ಬೆನ್ನು ಹತ್ತಿ ಹೋಗಿ, ದಣಿದು ಎಲ್ಲೋ ಮಲಗಿಬಿಡುತ್ತಿದ್ದ. ಹುಡುಕಿ ಸಾಕಾದ ತಂದೆ ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರು. ಕಂಡವರು ಮನೆ ಮುಟ್ಟಿಸುತ್ತಿದ್ದರು. ಅಂಥ ಹುಡುಗನ ಕಿವಿಗೆ ಆ ಪ್ಲೇಟಿನಿಂದ ಗಾಯಕ ಅಬ್ದುಲ್ ಕರೀಂ ಖಾನರ ಜಿಂಝೋಟಿ ರಾಗದ ಠುಮ್ರಿ ಬಿತ್ತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಗ್ವಾಲಿಯರ್, ಜಲಂಧರ್ ಎಲ್ಲ ಸುತ್ತಿದ ಮೇಲೆ ಸಿಕ್ಕ ಗುರು ನಮ್ಮ ಕುಂದಗೋಳದ ಸವಾಯಿ ಗಂಧರ್ವರು, ಅದೇ ಖಾನ್‌ಸಾಹೇಬರ ಶಿಷ್ಯರು.

ಆಗಿನ ಪ್ಲೇಟೆಂದರೆ ಹತ್ತು ಇಂಚಿನ ಅರಗಿನ ತಟ್ಟೆ. ನಿಮಿಷಕ್ಕೆ 78 ಸುತ್ತು. ಒಂದು ಮಗ್ಗುಲಿಗೆ ಮೂರು ನಿಮಿಷ, ಮೂರೂವರೆ ಎಂದರೆ ಹೆಚ್ಚು. ಕೀಲಿ ಕೊಡಬೇಕು, ಉಕ್ಕಿನ ಮುಳ್ಳು ಬದಲಿಸಬೇಕು. ತಾಸುಗಟ್ಟಲೆ ಹಾಡುವುದನ್ನು ಅಷ್ಟರಲ್ಲಿ ಹಿಡಿಸುವುದು ಸಂಗೀತಕ್ಕೆ ಅನ್ಯಾಯವೆಂದು ಬಲ್ಲವರು ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ಮೂರು ನಿಮಿಷದಲ್ಲಿ ಎಳೆದಾಡಲು ಜಾಗವಿಲ್ಲ. ಬಾಯಿ ತೆಗೆದ ಕೂಡಲೇ ರಾಗ ಎದುರಿಗೆ ನಿಲ್ಲಬೇಕು. ದೊಡ್ಡವರ ಬೈಠಕ್ಕಿಗೆ ಹೋಗಲಾಗದ ಹುಡುಗನಿಗೂ ಖಾನ್‌ಸಾಹೇಬರು ದಕ್ಕಿದ್ದು ಅದರಿಂದಲೇ.

1942ರಲ್ಲಿ ಎಚ್.ಎಂ.ವಿ. ಕಂಪನಿ ಜೋಶಿಯವರ ಮೊದಲ ಭಕ್ತಿಗೀತೆಗಳನ್ನು ತಂದಿತು. ಆಗ ಅವರಿಗೆ ಇಪ್ಪತ್ತು. ಮುಂದೆ ಮುಂಬೈ ರೇಡಿಯೊ, 1966ರ ‘ಸಂಧ್ಯಾರಾಗ’ ಸಿನಿಮಾ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಹಾಡಿದ ಮೇಲಂತೂ ರಾಗದ ಹೆಸರೇ ಗೊತ್ತಿಲ್ಲದವರ ಮನೆಗೂ ಹೊಕ್ಕರು. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ‘ಮಿಲೇ ಸುರ್ ಮೇರಾ ತುಮ್ಹಾರಾ’ ಬಂದಾಗ ದೇಶ ಮೊದಲು ಕೇಳಿದ್ದು ಅವರ ದನಿಯನ್ನೇ. 2008ರಲ್ಲಿ ಭಾರತರತ್ನ ಘೋಷಣೆಯಾಯಿತು.

ನಿಮ್ಮ ಅಟ್ಟದ ಮೇಲೆ ಹಳೆಯ ಪ್ಲೇಟುಗಳಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಿ, ಬಿಸಿಲು ತಾಗಿಸಬೇಡಿ. ಧೂಳಿದ್ದರೆ ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿ. ಸ್ಪಿರಿಟ್ ಮಾತ್ರ ಹಚ್ಚಲೇಬೇಡಿ. ಅರಗು ಕರಗಿ ಹಾಡು ಹಾಳಾಗುತ್ತದೆ.