ಉದ್ಯಮದ ಅನುಭವ ಮತ್ತು ಕಂಪ್ಯೂಟರ್ ಬೋಧನೆ: ಶಿಕಾರಿಪುರ–ಸೊರಬ ಸೀಮೆಯಿಂದ ಒಂದು ಪರಿಶೀಲನೆ

ಶಿಕಾರಿಪುರ, ಸೊರಬದ ಕಡೆಯ ವಿದ್ಯಾರ್ಥಿಗಳಿಗೆ ಡೇಟಾಬೇಸ್ ಪಾಠ ಹೇಳಲು ಅಡಿಕೆ ಮಂಡಿಯ ಬಿಲ್ಲಿಗಿಂತ ಒಳ್ಳೆಯ ಉದಾಹರಣೆ ಸಿಗದು. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಬಗೆಗೊಂದು ಧಾರಣೆ. ಅದೂ ದಿನದಿನಕ್ಕೆ ಏರಿಳಿಯುವಂಥದ್ದು. ಮಾಹಿತಿ ಮರುಕಳಿಸದಂತೆ ಟೇಬಲ್‌ಗಳನ್ನು ವಿಂಗಡಿಸುವ ‘ನಾರ್ಮಲೈಸೇಶನ್’ ಪಾಠವನ್ನು ಪುಸ್ತಕದಿಂದಷ್ಟೇ ಕಲಿತವರು, ಪ್ರತಿ ಬಿಲ್ಲಿನಲ್ಲೂ ಧಾರಣೆ ಬರೆಯುವುದು ಪುನರಾವರ್ತನೆಯೆಂದು ಅದನ್ನು ಅಡಿಕೆ ಬಗೆಯ ಟೇಬಲ್ಲಿಗೆ ಸಾಗಿಸಿಬಿಡಬಹುದು. ನಾಳೆ ಧಾರಣೆ ತಿದ್ದಿದರೆ ನಿನ್ನೆಯ ಬಿಲ್ಲಿನ ಮೊತ್ತವೂ ಬದಲಾಯಿತು! ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದು ಗ್ರಾಹಕರಿಂದ ಬೈಸಿಕೊಂಡ ಬೋಧಕರಿಗೆ ಈ ತಪ್ಪು ಥಟ್ಟನೆ ಕಾಣುತ್ತದೆ.

ಆದರೆ ಅದು ಏಕೆ ತಪ್ಪೆಂದು ವಿವರಿಸಲು ಶಾಸ್ತ್ರವೇ ಬೇಕು: ಧಾರಣೆ ನಿರ್ಧಾರವಾಗುವುದು ಬಗೆಯೊಂದರಿಂದಲ್ಲ, ಅದು ದಿನಾಂಕವನ್ನೂ ಅವಲಂಬಿಸಿದೆ. ಆ ವಿವರಣೆ ಇಲ್ಲದಿದ್ದರೆ ‘ನಮ್ಮ ಕಂಪನಿಯಲ್ಲಿ ಹೀಗೇ ಮಾಡುತ್ತಿದ್ದೆವು’ ಎಂಬ ಮಾತಷ್ಟೇ ಉಳಿಯುತ್ತದೆ. (ಈ ಶಾಸ್ತ್ರಕ್ಕೆ ಮೂಲವಾದ ರಿಲೇಶನಲ್ ಮಾದರಿಯನ್ನು 1970ರಲ್ಲಿ ಮಂಡಿಸಿದ ಇ. ಎಫ್. ಕಾಡ್ ಐಬಿಎಂ ಕಂಪನಿಯ ಸಂಶೋಧಕರಾಗಿದ್ದರೆಂಬುದು ಶಾಸ್ತ್ರಪಕ್ಷದವರಿಗೂ ಅನುಭವಪಕ್ಷದವರಿಗೂ ನೆನಪಿರುವುದಿಲ್ಲ.) ಅನುಭವದಿಂದ ಬದಲಾಗುವುದು ಪಠ್ಯಕ್ರಮಕ್ಕಿಂತ ಹೆಚ್ಚಾಗಿ ಬೋಧಕರು ಕೇಳುವ ಪ್ರಶ್ನೆಗಳು. ಲ್ಯಾಬಿನಲ್ಲಿ ಔಟ್‌ಪುಟ್ ಬಂತೇ ಎಂದಷ್ಟೇ ನೋಡದೆ, ತಪ್ಪು ದಿನಾಂಕ ಕೊಟ್ಟರೆ ಏನಾಗುತ್ತದೆ, ಬೇರೆಯವರು ಬರೆದ ಕೋಡನ್ನು ಓದಿ ತಿದ್ದಬಲ್ಲೆಯಾ ಎಂದು ಅವರು ಕೇಳುತ್ತಾರೆ.

ನೇಮಕಾತಿಯ ನಿಯಮಗಳಲ್ಲಿ ಇಂಥ ಉದ್ಯಮದ ಅನುಭವಕ್ಕೆ ಜಾಗ ಕಡಿಮೆ. ಯುಜಿಸಿಯ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರಿಗೆ ಸ್ನಾತಕೋತ್ತರ ಪದವಿಯ ಜೊತೆಗೆ ನೆಟ್, ಸೆಟ್ ಅಥವಾ ಪಿಎಚ್‌ಡಿ ಬೇಕು. ಕಂಪನಿಯಲ್ಲಿ ದುಡಿದ ವರ್ಷಗಳು ಅದಕ್ಕೆ ಬದಲಿಯಲ್ಲ. 2022ರಲ್ಲಿ ಬಂದ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಹುದ್ದೆಗೆ ಪದವಿ ಕಡ್ಡಾಯವಲ್ಲ, ಆದರೆ 15 ವರ್ಷಗಳ ಅನುಭವವಿರಬೇಕು. ಅವಧಿ ಹೆಚ್ಚೆಂದರೆ 4 ವರ್ಷ. ನೆಟ್, ಸೆಟ್, ಪಿಎಚ್‌ಡಿ ಇಲ್ಲದೆ ಬೆಂಗಳೂರಿನಲ್ಲಿ ಐದಾರು ವರ್ಷ ದುಡಿದು, ತೋಟ ನೋಡಿಕೊಳ್ಳಲು ಊರಿಗೆ ಮರಳಿದವರು ಈ ಎರಡಕ್ಕೂ ಸಲ್ಲುವುದಿಲ್ಲ.

ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅವರಿಗೆ ಉಳಿಯುತ್ತಿದ್ದುದು ಅತಿಥಿ ಉಪನ್ಯಾಸಕರ ಕೆಲಸ. 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ಪರಿಷ್ಕರಿಸಿದ ಗೌರವಧನ ತಿಂಗಳಿಗೆ 26,000ದಿಂದ 32,000 ರೂಪಾಯಿ ಇತ್ತು. ಅದನ್ನು ನಿಗದಿಪಡಿಸಿದ್ದು ಯುಜಿಸಿ ಅರ್ಹತೆ ಮತ್ತು ಬೋಧನೆಯ ಸೇವಾವಧಿಗಳನ್ನು ನೋಡಿ. ಉದ್ಯಮದ ಅನುಭವಕ್ಕೆ ಅಲ್ಲಿ ಲೆಕ್ಕವಿರಲಿಲ್ಲ. ಇಂಥ ಅನುಭವಿಗಳನ್ನು ಪೂರ್ಣಾವಧಿಗೆ ತರಲಾಗದಿದ್ದರೂ ಡೇಟಾಬೇಸ್ ಲ್ಯಾಬನ್ನಾದರೂ ನೆಟ್ ಪಾಸಾದವರೊಬ್ಬರು, ಕಂಪನಿ ಕಂಡವರೊಬ್ಬರು ಸೇರಿ ನಡೆಸುವಂತೆ ಕುವೆಂಪು ವಿಶ್ವವಿದ್ಯಾಲಯ ತನ್ನ ವ್ಯಾಪ್ತಿಯ ಕಾಲೇಜುಗಳಲ್ಲಿ ವ್ಯವಸ್ಥೆ ಮಾಡಬಹುದು.