ಇಂಧನ ಕ್ಲೀನರ್‌ಗಳು ಮತ್ತು ಕಾರಿನ ಮೈಲೇಜ್: ವಾಹನ ಮಾಲೀಕರಿಗೆ ಮಾಹಿತಿ

(ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಸಾರ್ವಜನಿಕರ ಗಮನಕ್ಕೆ)

1. ಪೀಠಿಕೆ
ಇಂಧನ ಟ್ಯಾಂಕಿಗೆ ಬೆರೆಸುವ ಕ್ಲೀನರ್ ದ್ರವಗಳು ವಾಹನ ಬಿಡಿಭಾಗಗಳ ಅಂಗಡಿಗಳಲ್ಲಿ ದೊರೆಯುತ್ತವೆ. ಇವುಗಳಿಂದ ಮೈಲೇಜ್ ಹೆಚ್ಚುವುದೇ, ಅದನ್ನು ಅಳೆಯುವ ಕ್ರಮ ಯಾವುದು, ಹಣ ವ್ಯಯಿಸುವ ಮುನ್ನ ಯಾವ ತಪಾಸಣೆಗಳನ್ನು ಕೋರಬಹುದು ಎಂಬ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

2. ಕ್ಲೀನರ್‌ನ ಕಾರ್ಯ
ಇಂಜೆಕ್ಟರ್‌ನ ಸೂಕ್ಷ್ಮ ರಂಧ್ರಗಳಲ್ಲಿ ಕಾಲಕ್ರಮೇಣ ಕಿಟ್ಟ ಕಟ್ಟುತ್ತದೆ. ಪಾಲಿಈಥರ್ ಅಮೈನ್‌ನಂತಹ ಮಾರ್ಜಕಗಳು ಇದನ್ನು ಕರಗಿಸುತ್ತವೆ. ಆದುದರಿಂದ ಕಿಟ್ಟದ ಕಾರಣ ಕುಸಿದಿದ್ದ ಮೈಲೇಜ್ ಮಾತ್ರ ಮರಳಿ ದೊರೆಯಬಹುದು. ಶುಚಿಯಾಗಿರುವ ಎಂಜಿನ್‌ನಲ್ಲಿ ಹೆಚ್ಚಳವನ್ನು ನಿರೀಕ್ಷಿಸುವಂತಿಲ್ಲ. ಗಾಳಿ ಕಡಿಮೆಯಿರುವ ಟೈರ್, ಧೂಳು ತುಂಬಿದ ಏರ್ ಫಿಲ್ಟರ್, ಸವೆದ ಸ್ಪಾರ್ಕ್ ಪ್ಲಗ್ ಇವುಗಳಿಗೆ ಕ್ಲೀನರ್ ಪರಿಹಾರವಲ್ಲ.

3. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿ
ಬಹುತೇಕ ಕಾರುಗಳಲ್ಲಿ ಈ ಅಂಕಿಯನ್ನು ಇಂಧನವನ್ನು ನೇರವಾಗಿ ಅಳೆದು ನೀಡಲಾಗುವುದಿಲ್ಲ. ಇಂಜೆಕ್ಟರ್ ತೆರೆದಿರುವ ಅವಧಿಯಿಂದ ಲೆಕ್ಕ ಹಾಕಲಾಗುತ್ತದೆ. ಕಿಟ್ಟ ಕಟ್ಟಿದಾಗ ಅಗತ್ಯ ಪ್ರಮಾಣದ ಇಂಧನ ಒದಗಿಸಲು ಇಂಜೆಕ್ಟರ್ ಹೆಚ್ಚು ಹೊತ್ತು ತೆರೆದಿರುತ್ತದೆ. ಆಗ ನಿಜವಾದ ಬಳಕೆಗಿಂತ ಹೆಚ್ಚಿನ ಬಳಕೆ ದಾಖಲಾಗುತ್ತದೆ. ಶುಚಿಗೊಳಿಸಿದ ನಂತರ ಈ ಅವಧಿ ಕಡಿಮೆಯಾಗಿ ಅಂಕಿ ಏರುತ್ತದೆ. ಆದರೆ ವಾಸ್ತವ ಉಳಿತಾಯ ಅಷ್ಟೇ ಪ್ರಮಾಣದಲ್ಲಿ ಆಗಿರಬೇಕೆಂದಿಲ್ಲ.

4. ಅಳತೆಯ ಕ್ರಮ
ಅ) ಟ್ಯಾಂಕ್ ತುಂಬಿಸಿ, ನಳಿಕೆ ತಾನಾಗಿ ನಿಂತ ಮೊದಲ ಬಾರಿಗೇ ನಿಲ್ಲಿಸಿ, ಓಡೋಮೀಟರ್ ಅಂಕಿಯನ್ನು ಬರೆದಿಡತಕ್ಕದ್ದು.
ಆ) ಕನಿಷ್ಠ 400 ಕಿ.ಮೀ. ಚಲಿಸಿದ ನಂತರ ಅದೇ ಬಂಕಿನಲ್ಲಿ ಅದೇ ರೀತಿ ಪುನಃ ತುಂಬಿಸತಕ್ಕದ್ದು.
ಇ) ಕ್ರಮಿಸಿದ ಕಿ.ಮೀ.ಗಳನ್ನು ಎರಡನೇ ಬಾರಿ ತುಂಬಿಸಿದ ಲೀಟರ್‌ಗಳಿಂದ ಭಾಗಿಸತಕ್ಕದ್ದು.
ಈ) ಕ್ಲೀನರ್ ಬಳಸುವ ಮೊದಲು ಹಾಗೂ ನಂತರ, ತಲಾ ಮೂರು ಬಾರಿಯಾದರೂ ಇದನ್ನು ಪುನರಾವರ್ತಿಸತಕ್ಕದ್ದು.

ಉದಾಹರಣೆ: ವಿಜಯಪುರದಿಂದ ತಿಕೋಟಾಕ್ಕೆ ಹೋಗಿಬರುವ ದೂರ ಸುಮಾರು 40 ಕಿ.ಮೀ. ಲೀಟರಿಗೆ 16 ಕಿ.ಮೀ. ನೀಡುವ ಕಾರಿಗೆ 2.5 ಲೀಟರ್ ಸಾಕು. ತುಂಬಿಸುವಾಗ ಅರ್ಧ ಲೀಟರ್ ಕಡಿಮೆಯಾದರೆ ಮೈಲೇಜ್ 20 ಎಂದು ಕಾಣುತ್ತದೆ. ಅರ್ಧ ಲೀಟರ್ ಹೆಚ್ಚಾದರೆ 13.3 ಎಂದು ಕಾಣುತ್ತದೆ. 400 ಕಿ.ಮೀ. ಓಟದಲ್ಲಿ ಅದೇ ಅರ್ಧ ಲೀಟರ್ ಕೊರತೆಯಿಂದ ಅಂಕಿ 16.3 ಆಗುತ್ತದೆಯಷ್ಟೆ. ಬಬಲೇಶ್ವರಕ್ಕೆ ಒಮ್ಮೆ ಹೋಗಿಬಂದ ಲೆಕ್ಕವನ್ನೂ ಇದೇ ಕಾರಣದಿಂದ ಆಧಾರವಾಗಿ ಪರಿಗಣಿಸಬಾರದು.

5. ಇಥನಾಲ್ ಮಿಶ್ರಿತ ಪೆಟ್ರೋಲ್
ಒಂದು ಲೀಟರ್ ಇಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿಯಿರುತ್ತದೆ. ಶೇ. 10ರ ಮಿಶ್ರಣಕ್ಕೆ ಹೊಂದಿಸಿದ ಹಳೆಯ ವಿನ್ಯಾಸದ ನಾಲ್ಕು ಚಕ್ರದ ವಾಹನಗಳಲ್ಲಿ ಶೇ. 20ರ ಮಿಶ್ರಣದಿಂದ ಇಂಧನ ಕ್ಷಮತೆ ಶೇ. 6ರಿಂದ 7ರಷ್ಟು ಕುಸಿಯಬಹುದೆಂದು ನೀತಿ ಆಯೋಗದ 2021ರ ವರದಿಯು ಅಂದಾಜಿಸಿದೆ. ಈ ಕುಸಿತವನ್ನು ಯಾವ ಕ್ಲೀನರ್ ಕೂಡ ಸರಿಪಡಿಸಲಾರದು.

6. ಬಂಕಿನಲ್ಲಿ ಕೋರಬಹುದಾದ ತಪಾಸಣೆಗಳು
ಅ) ಪ್ರಮಾಣ: ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯುಳ್ಳ 5 ಲೀಟರ್ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸಲು ಕೋರಬಹುದು. 5 ಲೀಟರಿಗೆ 25 ಮಿ.ಲೀ. ಮೀರಿದ ಕೊರತೆ ದೂರಿಗೆ ಅರ್ಹ.
ಆ) ಗುಣಮಟ್ಟ: ಫಿಲ್ಟರ್ ಪೇಪರ್ ಮೇಲೆ ಹಾಕಿದ ಪೆಟ್ರೋಲ್ ಹನಿ ಸುಮಾರು ಎರಡು ನಿಮಿಷಗಳಲ್ಲಿ ಕಲೆಯಿಲ್ಲದೆ ಆರಬೇಕು. ಕಪ್ಪು ಕಲೆ ಉಳಿದಲ್ಲಿ ಕಲಬೆರಕೆಯ ಶಂಕೆಗೆ ಆಸ್ಪದವಿದೆ.
ಈ ತಪಾಸಣೆಗಳಿಗೆ ಗ್ರಾಹಕರು ಶುಲ್ಕ ನೀಡಬೇಕಾಗಿಲ್ಲ.

7. ಹೊಗೆ ತಪಾಸಣೆ
ಕ್ಲೀನರ್ ಬಳಕೆಯು ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರಕ್ಕೆ ಪರ್ಯಾಯವಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 115ರನ್ವಯ ಸದರಿ ಪ್ರಮಾಣಪತ್ರ ಹೊಂದಿರುವುದು ಕಡ್ಡಾಯವಾಗಿದೆ.

8. ದೂರು ಸಲ್ಲಿಕೆ
ಕ್ಲೀನರ್‌ನ ಜಾಹೀರಾತು ದಾರಿ ತಪ್ಪಿಸುವಂತಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರನ್ವಯ ವಿಜಯಪುರದ ಜಿಲ್ಲಾ ಗ್ರಾಹಕ ಆಯೋಗಕ್ಕೂ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. 5 ಲಕ್ಷ ರೂ.ವರೆಗಿನ ಖರೀದಿಗೆ ಸಂಬಂಧಿಸಿದ ದೂರಿಗೆ ಶುಲ್ಕವಿರುವುದಿಲ್ಲ. ಖರೀದಿ ರಸೀದಿ, ಕ್ಲೀನರ್‌ನ ಖಾಲಿ ಬಾಟಲಿ, ಬಂಕಿನ ಬಿಲ್ಲುಗಳು ಮತ್ತು ಕ್ರಮಸಂಖ್ಯೆ 4ರಂತೆ ಬರೆದಿಟ್ಟ ಅಂಕಿಗಳನ್ನು ದೂರಿನೊಂದಿಗೆ ಲಗತ್ತಿಸತಕ್ಕದ್ದು.