ಆಯಿಯ ಕವಡಿ ಸರ

ಹೋದ ತಿಂಗಳು ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮ ಮೂಲ ಮನೆ ಬಬಲೇಶ್ವರದಲ್ಲಿ. ಆದರೆ ಆಯಿ (ಅಪ್ಪನ ತಾಯಿ) ಕೊನೆಯ ವರ್ಷಗಳನ್ನು ಕಳೆದದ್ದು ತಿಕೋಟಾದಲ್ಲಿ, ಕಾಕಾನ ಮನೆಯಲ್ಲಿ. ಆಕೆ ತೀರಿಹೋಗಿ ವರ್ಷವಾಗುತ್ತ ಬಂತು. ಚಹಾ ಕುಡಿದು ಕೂತಿದ್ದೆ, ಕಾಕು ಟ್ರಂಕಿನಿಂದ ಒಂದು ಬಟ್ಟೆಯ ಗಂಟು ತಂದು ಮುಂದಿಟ್ಟಳು.

"ತಮ್ಮಾ, ಇದನ್ನ ವರ್ಷದ ದಿನ ಕೊಲ್ಹಾರಕ್ಕ ಹೋಗಿ ಹೊಳಿಗೆ ಬಿಟ್ಟು ಬರೂದು ಅಂತ ಮಾಡೇವಿ. ದಾರಾನೂ ಹರದೈತಿ. ನೀ ಏನಂತಿ?"

ಆಯಿಯ ಕವಡಿ ಸರ! ನಮ್ಮ ಮನೆದೇವರು ತುಳಜಾಪುರದ ಅಂಬಾಭವಾನಿ. ನವರಾತ್ರಿ, ಸೀಗಿ ಹುಣ್ಣಿಮೆಯ ಹೊತ್ತಿಗೆ ವಿಜಯಪುರದಿಂದ ಸೊಲ್ಲಾಪುರದ ರಸ್ತೆ ಹಿಡಿದು ನಡೆದು ಹೋಗುವವರನ್ನು ನೀವೂ ನೋಡಿರಬಹುದು. ಆಯಿ ಮಂಗಳವಾರ, ಶುಕ್ರವಾರ ಈ ಸರ ಹಾಕಿಕೊಂಡು ಐದು ಮನೆ ಜೋಗವಾ ಬೇಡುತ್ತಿದ್ದಳು. ನಾನು ಸಣ್ಣವನಿದ್ದಾಗ ಚೌಕಾಬಾರಾ ಆಡಲು ಅದರಿಂದ ನಾಲ್ಕು ಕವಡೆ ಬಿಚ್ಚಿ ಬೆನ್ನಿಗೆ ಗುದ್ದು ತಿಂದಿದ್ದೇನೆ. "ಒಂದು ರಾತ್ರಿ ನನ್ನ ಹತ್ರ ಇರ್ಲಿ ಕಾಕು" ಅಂದೆ.

ರಾತ್ರಿ ಮೊಬೈಲಿನ ಬೆಳಕಲ್ಲಿ ಎಣಿಸಿದೆ. ಒಟ್ಟು 58. ಎಲ್ಲವೂ ಒಂದೇ ಅಂದುಕೊಂಡಿದ್ದೆ, ಆದರೆ ಅಲ್ಲ. ಕೆಲವಕ್ಕೆ ಅಂಚಿನಲ್ಲಿ ಗಂಟುಗಂಟಾದ ಉಬ್ಬು, ಕೆಲವು ನುಣ್ಣಗೆ ಮೊಟ್ಟೆಯಾಕಾರ. ಒಂದಕ್ಕೆ ಮಾತ್ರ ಸುತ್ತಲೂ ಗಾಢ ಕಂದು ಅಂಚು. ತೊಡಕೇನೆಂದರೆ, ದಾರ ಪೋಣಿಸಲೆಂದು ಇವುಗಳ ಬೆನ್ನು ಉಜ್ಜಿ ತೆಗೆದಿರುತ್ತಾರೆ. ಗುರುತು ಹಿಡಿಯುವ ಬಣ್ಣ, ಉಂಗುರ, ಚುಕ್ಕೆ ಎಲ್ಲ ಇರುವುದೇ ಬೆನ್ನ ಮೇಲೆ. ಐಡಿ ಕಾರ್ಡಿನ ಫೋಟೋ ಕಿತ್ತು ಕೊಟ್ಟ ಹಾಗೆ! ಅಂಚು ನೋಡಿಯೇ ಗುಂಪು ಮಾಡಿದೆ: 41, 16, 1.

ಕವಡೆ ಅಂದರೆ ಬಿಸಿ ಸಮುದ್ರಗಳ ಬಸವನಹುಳುವಿನ ಚಿಪ್ಪು. ಜಗತ್ತಿನಲ್ಲಿ ಸುಮಾರು 250 ಜಾತಿಯ ಕವಡೆಗಳಿವೆ. 1758ರಲ್ಲಿ ಸ್ವೀಡನ್ನಿನ ಲಿನಿಯಸ್ ತನಗೆ ಗೊತ್ತಿದ್ದ ಅಷ್ಟೂ ಕವಡೆಗಳನ್ನು 'ಸೈಪ್ರಿಯಾ' ಅನ್ನುವ ಒಂದೇ ಫೋಲ್ಡರಿಗೆ ಹಾಕಿದ. ಅದು ಸೈಪ್ರಸ್ ದ್ವೀಪದ ದೇವತೆಯಿಂದ ಬಂದ ಹೆಸರು. ಗಂಟು ಅಂಚಿನದಕ್ಕೆ ಮೊನೆಟಾ ಎಂದು ಕರೆದ, ಅಂದರೆ ದುಡ್ಡು. ಬೆನ್ನ ಮೇಲೆ ಬಂಗಾರ ಬಣ್ಣದ ಉಂಗುರ ಇರುವುದಕ್ಕೆ ಆನ್ಯುಲಸ್, ಉಂಗುರ. ಕಂದು ಅಂಚಿನದು ಕ್ಯಾಪುಟ್‌ಸರ್ಪೆಂಟಿಸ್, ಹಾವಿನ ಹೆಡೆ. (ಮೊನೆಟಾ ಕೂಡ ದೇವಿಯ ಹೆಸರೇ. ರೋಮಿನ ಟಂಕಸಾಲೆ ಇದ್ದದ್ದು ಜುನೋ ಮೊನೆಟಾ ದೇವಿಯ ಗುಡಿಯಲ್ಲಿ. ಆಯಿಗೆ ಹೇಳಿದ್ದರೆ ಖುಷಿಪಡುತ್ತಿದ್ದಳು.)

ಆಮೇಲೆ ಬಂದವರು ಈ ಫೋಲ್ಡರನ್ನು ಒಡೆಯುತ್ತ ಹೋದರು. 1863ರಲ್ಲಿ ಜರ್ಮನಿಯ ಟ್ರೋಶೆಲ್ ದುಡ್ಡಿನ ಕವಡೆಗೆಂದೇ 'ಮೊನೆಟೇರಿಯಾ' ಕುಲ ಮಾಡಿದ. 20ನೇ ಶತಮಾನದಲ್ಲಿ ಶಿಲ್ಡರ್ ದಂಪತಿಗಳು ಚಿಪ್ಪಿನ ಹಲ್ಲು, ಅಳತೆ ನೋಡಿ ಇನ್ನಷ್ಟು ಸಣ್ಣ ಗುಂಪುಗಳನ್ನಾಗಿ ಹಂಚಿದರು. 2003ರಲ್ಲಿ ಕ್ರಿಸ್ಟೋಫರ್ ಮೇಯರ್ ಡಿಎನ್‌ಎ ಹಿಡಿದು ಇಡೀ ವಂಶವೃಕ್ಷವನ್ನೇ ಮತ್ತೆ ಬರೆದ. ಈಗಿನ ವರ್ಗೀಕರಣದಲ್ಲಿ ಹಾವಿನ ಹೆಡೆಯೂ ಮೊನೆಟೇರಿಯಾ ಕುಲದಲ್ಲೇ ಇದೆ. ಅಂದರೆ ಆಯಿಯ ಸರದಲ್ಲಿದ್ದ ಮೂರೂ ಒಂದೇ ಮನೆತನದವು. ಅದೇ ಮನೆತನದ ಇನ್ನೊಂದು ಜಾತಿ ಈಸ್ಟರ್ ದ್ವೀಪದ ಸುತ್ತಮುತ್ತ ಬಿಟ್ಟು ಬೇರೆಲ್ಲೂ ಇಲ್ಲ.

ಇಷ್ಟೊಂದು ಜಾತಿಗಳಿರುವಾಗ ದುಡ್ಡಾಗಿದ್ದು ಮಾತ್ರ ಮೊನೆಟಾ, ಆನ್ಯುಲಸ್ ಎರಡೇ ಯಾಕೆ? ಕವಡೆ ಹುಳು ಪ್ರಾಯಕ್ಕೆ ಬಂದಾಗ ಬಾಯಿಯ ಅಂಚು ಒಳಕ್ಕೆ ಮಡಚಿಕೊಂಡು ಹಲ್ಲು ಮೂಡುತ್ತವೆ, ಆಮೇಲೆ ಚಿಪ್ಪು ಉದ್ದ ಬೆಳೆಯುವುದಿಲ್ಲ. ಮೈಯ ಪದರವೊಂದು ಹೊರಗೆ ಬಂದು ಚಿಪ್ಪನ್ನು ಸುತ್ತಿಕೊಳ್ಳುವುದರಿಂದ ಆ ಹೊಳಪು. ಈ ಎರಡು ಜಾತಿಗಳು ಸಣ್ಣವು, ಗಟ್ಟಿ, ರಾಶಿರಾಶಿ ಸಿಗುತ್ತವೆ. ಸವೆಯುವುದು ಕಡಿಮೆ, ಖೋಟಾ ಮಾಡುವುದು ಕಷ್ಟ. ಟಂಕಸಾಲೆಯೇ ಬೇಡದ ನಾಣ್ಯ!

ಈಗ ನಮ್ಮೂರಿಗೆ ಬರೋಣ. ಭಾಸ್ಕರಾಚಾರ್ಯರು ತಮ್ಮ ಊರು ವಿಜ್ಜಡವಿಡ ಎಂದು ಬರೆದಿದ್ದಾರೆ. ಅದು ವಿಜಯಪುರವೇ ಎಂದು ನಾವೆಲ್ಲ ಎದೆ ಉಬ್ಬಿಸುತ್ತೇವೆ. ಆದರೆ ಅದು ಸಹ್ಯಾದ್ರಿಯ ಹತ್ತಿರ ಎಂದೂ ಅವರೇ ಹೇಳಿದ್ದಾರೆ. ಮೊಮ್ಮಗ ಚಾಂಗದೇವನ ಶಾಸನ ಸಿಕ್ಕಿದ್ದು ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣದಲ್ಲಿ. ನನಗೆ ಪಾಟಣದ ವಾದವೇ ಗಟ್ಟಿ ಅನಿಸುತ್ತದೆ, ಊರಿನವರು ಬೈಯಬೇಡಿ. ಇರಲಿ, ಊರು ಯಾವುದಾದರೂ 1150ರ ಲೀಲಾವತಿಯ ಶುರುವಿನಲ್ಲೇ ಒಂದು ಕೋಷ್ಟಕವಿದೆ. 20 ವರಾಟಕಕ್ಕೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ, 16 ಪಣಕ್ಕೆ ಒಂದು ದ್ರಮ್ಮ, 16 ದ್ರಮ್ಮಕ್ಕೆ ಒಂದು ನಿಷ್ಕ. ವರಾಟಕ ಅಂದರೆ ಕವಡೆ. ಪಣಕ್ಕೆ 80, ದ್ರಮ್ಮಕ್ಕೆ 1280.

ಆರು ನೂರು ವರ್ಷ ದಾಟಿ ಬಂಗಾಳಕ್ಕೆ ಬನ್ನಿ. ಅಲ್ಲಿ 4 ಕವಡೆಗೆ ಗಂಡಾ, 20 ಗಂಡಾಕ್ಕೆ ಪಣ, 16 ಪಣಕ್ಕೆ ಕಾಹಣ. ಪಣಕ್ಕೆ ಅದೇ 80, ಕಾಹಣಕ್ಕೆ ಅದೇ 1280! ನಾಲ್ಕು ಕಾಹಣಕ್ಕೆ, ಅಂದರೆ 5120 ಕವಡೆಗೆ ಒಂದು ರೂಪಾಯಿ. 1778ರಲ್ಲಿ ಸಿಲ್ಹೆಟ್ಟಿಗೆ ಕಂಪನಿಯ ಅಧಿಕಾರಿಯಾಗಿ ಹೋದ ರಾಬರ್ಟ್ ಲಿಂಡ್ಸೆ ಭೂಕಂದಾಯವನ್ನು ಕವಡೆಯಲ್ಲೇ ಪಡೆದು ದೋಣಿಗಳಲ್ಲಿ ತುಂಬಿ ಢಾಕಾಕ್ಕೆ ಕಳಿಸುತ್ತಿದ್ದ.

ಬಂಗಾಳಕ್ಕೆ ಇವು ಬರುತ್ತಿದ್ದದ್ದು ಮಾಲ್ಡೀವ್ಸ್‌ನಿಂದ. 1343-44ರಲ್ಲಿ ಅಲ್ಲಿ ಖಾಜಿಯಾಗಿದ್ದ ಇಬ್ನ್ ಬತೂತಾ, ಬಂಗಾಳದ ಅಕ್ಕಿಗೆ ಬದಲಾಗಿ ಕವಡೆ ಹೋಗುವುದನ್ನು ಬರೆದಿದ್ದಾನೆ. ಮುಂದೆ ಯುರೋಪಿನವರು ಅದೇ ಕವಡೆಯನ್ನು ಹಡಗಿನ ತಳಭಾರವಾಗಿ ಲಂಡನ್, ಆಮ್‌ಸ್ಟರ್‌ಡ್ಯಾಮಿಗೆ ಒಯ್ದು ಹರಾಜು ಹಾಕಿದರು. ಅಲ್ಲಿಂದ ಪಶ್ಚಿಮ ಆಫ್ರಿಕಾಕ್ಕೆ, ಮನುಷ್ಯರನ್ನು ಕೊಳ್ಳಲು. 18ನೇ ಶತಮಾನದಲ್ಲಿ ಹೀಗೆ ಹೋದದ್ದು ನೂರಾರು ಕೋಟಿ ಚಿಪ್ಪು. ಇದನ್ನು ಓದಿದ ಮೇಲೆ ಸರವನ್ನು ಸ್ವಲ್ಪ ಹೊತ್ತು ಮುಟ್ಟಲಾಗಲಿಲ್ಲ. 1845ರ ನಂತರ ಹ್ಯಾಂಬರ್ಗಿನ ವ್ಯಾಪಾರಿಗಳು ಜಾಂಜಿಬಾರಿನ ಕಡೆಯಿಂದ ಆನ್ಯುಲಸ್ ಕವಡೆಯನ್ನು ಹಡಗುಗಟ್ಟಲೆ ತಂದು ಸುರಿದರು. ಕವಡೆಯ ಬೆಲೆ ಕುಸಿದು, ಆ ದುಡ್ಡನ್ನೇ ನಂಬಿದ್ದ ಸಾಮಾನ್ಯ ಜನರ ಗಳಿಕೆ ನೀರಾಯಿತು.

ಬೆಳಿಗ್ಗೆ ಕಾಕುಗೆ ಮೂರು ಗುಡ್ಡೆ ತೋರಿಸಿ ಇಷ್ಟೆಲ್ಲ ಹೇಳಿದೆ. ಲೀಲಾವತಿ ಲೆಕ್ಕದಲ್ಲಿ ಈ ಸರ ಮೂರು ಕಾಕಿಣಿಗೆ ಎರಡು ಕಡಿಮೆ, ಸಿಲ್ಹೆಟ್ಟಿನ ಲೆಕ್ಕದಲ್ಲಿ ಇವತ್ತಿನ ಒಂದು ಪೈಸೆ ಚಿಲ್ಲರೆ. ಕವಡೆ ಕಿಮ್ಮತ್ತು ಅಂದರೆ ಇದೇ! ಹೊಳೆಗೆ ಬಿಡುವುದು ಬೇಡ ಅಂದೆ.

ಆಕೆ ಆ ಕಂದು ಅಂಚಿನದನ್ನು ಎತ್ತಿ ನೋಡಿದಳು. "ಇದು ನನ್ನ ಲಗ್ನದ ವರ್ಷ ತುಳಜಾಪುರದಾಗ ನಾನ ಆರಿಸಿ ಕೊಟ್ಟಿದ್ದು. ನಿಮ್ಮ ಆಯಿ, ಕರೀದ್ಯಾಕ ತಂದಿ ಅಂತ ಬೈದಿದ್ಲು. ಆದ್ರ ಪೋಣಿಸಿದ್ಲು ನೋಡು."

ಮೂರೂ ಗುಡ್ಡೆಗಳನ್ನು ಕೈಯಿಂದ ಕಲೆಸಿ ಮಡಿಲಿಗೆ ಹಾಕಿಕೊಂಡಳು. "ದಾರ ತಂದು ಕೊಡು. ಪೋಣಿಸ್ತೀನಿ."

ನಿಮ್ಮ ಮನೆಯಲ್ಲಿ ಪಗಡೆಯದೋ, ಎತ್ತಿನ ಕೊರಳಿನದೋ ಹಳೆಯ ಕವಡೆ ಇದ್ದರೆ ಅಂಚು ಸವರಿ ನೋಡಿ. ಗಂಟೋ, ನುಣುಪೋ? ಕಾಮೆಂಟಿನಲ್ಲಿ ತಿಳಿಸಿ.